‘ಅರಳು ಮರಳು’ ಎಂದು ತಳ್ಳಿಹಾಕುವ ಮುನ್ನ

‘ಅರವತ್ತಕ್ಕೆ ಅರಳು ಮರಳು’ ಎಂಬ ಗಾದೆ ನಮ್ಮ ಕುಟುಂಬಗಳಿಗೆ ಮಾಡಿರುವ ಅಪಕಾರ ಸಣ್ಣದಲ್ಲ. ಕಾಯಿಲೆಯನ್ನು ವಯೋಸಹಜವೆಂದು ಕಡೆಗಣಿಸಲು, ಕಾಯಿಲೆಯಿಂದ ಹುಟ್ಟಿದ ವರ್ತನೆಯನ್ನು ಹಟವೆಂದು ಗದರಲು ಅದು ನೆಪವಾಗಿದೆ. 1906ರಲ್ಲಿ ಜರ್ಮನಿಯ ವೈದ್ಯ ಅಲೋಯಿಸ್ ಅಲ್ಝೈಮರ್, ಮುಂದೆ ತಮ್ಮ ಹೆಸರಿನಿಂದಲೇ ಪ್ರಸಿದ್ಧವಾದ ರೋಗವನ್ನು ವಿವರಿಸಿದರು. ಅವರ ರೋಗಿ ಆಸ್ಪತ್ರೆ ಸೇರಿದಾಗ ಆಕೆಗೆ ಕೇವಲ 51 ವರ್ಷ. ಮನೆಯವರು ಮೊದಲು ಗಮನಿಸಿದ್ದು ಗಂಡನ ಮೇಲೆ ಆಕೆಗಿದ್ದ ವಿನಾಕಾರಣ ಸಂಶಯವನ್ನು.

ಈ ರೋಗದಲ್ಲಿ ಹೊಸ ನೆನಪುಗಳನ್ನು ದಾಖಲಿಸುವ ಮಿದುಳಿನ ಭಾಗ ಬೇಗನೆ ಕುಸಿಯುತ್ತದೆ; ಹಳೆಯ ನೆನಪುಗಳೂ ಭಾವನೆಗಳೂ ಬಹುಕಾಲ ಉಳಿಯುತ್ತವೆ. ಪಾಸ್‌ಬುಕ್ಕನ್ನು ತಾವೇ ಬಚ್ಚಿಟ್ಟ ಸಂಗತಿ ಅಳಿಸಿಹೋಗುತ್ತದೆ, ಅದು ಕಾಣುತ್ತಿಲ್ಲವೆಂಬ ಆತಂಕ ಉಳಿಯುತ್ತದೆ. ‘ಯಾರೋ ಕದ್ದರು’ ಎಂಬ ವಿವರಣೆಯಿಂದ ಮನಸ್ಸು ಆ ತೆರವನ್ನು ತುಂಬಿಕೊಳ್ಳುತ್ತದೆ. ಆರೋಪ ಬೀಳುವುದು ಹೆಚ್ಚಾಗಿ ಹಗಲಿರುಳು ಸೇವೆ ಮಾಡುವವರ ಮೇಲೆಯೇ.

ನನ್ನ ಹಿರಿಯಣ್ಣ ಸಂಜೆಯಾದೊಡನೆ ತಮ್ಮದೇ ಮನೆಯ ಪಡಸಾಲೆಯಲ್ಲಿ ನಿಂತು ‘ಮನೆಗೆ ಹೋಗಬೇಕು’ ಎಂದು ಚೀಲ ಕೈಗೆತ್ತಿಕೊಳ್ಳುತ್ತಾರೆ. ಇದೇ ನಿಮ್ಮ ಮನೆಯೆಂದು ಸಾಧಿಸಹೊರಟರೆ ಸಿಟ್ಟೇರುತ್ತದೆ. ಅತ್ತಿಗೆ ವಾದಕ್ಕಿಳಿಯುವುದಿಲ್ಲ. ‘ಹೋಗೋಣಂತೆ, ಕಾಫಿ ಕುಡಿಯಿರಿ. ಊರಿನ ಹಿತ್ತಲಲ್ಲಿ ಎಷ್ಟು ಹಲಸಿನ ಮರಗಳಿದ್ದವು?’ ಎಂದು ಕೇಳುತ್ತಾರೆ. ಅಣ್ಣ ಎಣಿಸತೊಡಗುತ್ತಾರೆ, ಚೀಲ ಕೆಳಗಿಳಿಯುತ್ತದೆ.

ಇಂಥ ಜಾಣ್ಮೆಯನ್ನು ಯಾರೂ ಕಲಿಯಬಹುದು. ಮುಸ್ಸಂಜೆಯ ನೆರಳು ಗೊಂದಲ ಹೆಚ್ಚಿಸುವುದರಿಂದ ದೀಪಗಳನ್ನು ಬೇಗನೆ ಹಚ್ಚಬೇಕು. ಪ್ರತಿಬಿಂಬ ಕಂಡು ಬೆದರಿದರೆ ಕನ್ನಡಿಗೆ ಬಟ್ಟೆ ಹೊದಿಸಬೇಕು. ಕೇಳಿದ್ದನ್ನೇ ಕೇಳಿದರೆ, ಪ್ರಶ್ನೆಯ ಹಿಂದಿರುವ ಭಯಕ್ಕೆ ಉತ್ತರಿಸಬೇಕು. ವರ್ತನೆ ದಿಢೀರನೆ ಬದಲಾದರೆ ಮೂತ್ರದ ಸೋಂಕು, ಮಲಬದ್ಧತೆ, ಹೇಳಿಕೊಳ್ಳಲಾಗದ ನೋವು ಅಥವಾ ಹೊಸ ಔಷಧಿ ಕಾರಣವಿರಬಹುದು. ತಡಮಾಡದೆ ವೈದ್ಯರನ್ನು ಕಾಣಬೇಕು. ಉದ್ರೇಕ ತಗ್ಗಿಸುವ ಕೆಲವು ಮಾತ್ರೆಗಳಿಂದ ಇಂಥ ವೃದ್ಧರಲ್ಲಿ ಪಾರ್ಶ್ವವಾಯುವಿನ ಹಾಗೂ ಸಾವಿನ ಅಪಾಯ ಹೆಚ್ಚುವುದರಿಂದ, ಅವನ್ನು ಸ್ವಂತ ನಿರ್ಧಾರದಿಂದ ಕೊಡಲೇಬಾರದು.

ಆದರೆ ಅತ್ತಿಗೆಯ ತಾಳ್ಮೆಗೂ ಮಿತಿಯುಂಟು. ಅವರಿಗೂ ಎಪ್ಪತ್ತು ದಾಟಿದೆ. ರಾತ್ರಿಯ ನಿದ್ರೆ ಎರಡು ತಾಸು ಮೀರುವುದು ಅಪರೂಪ. ದೇಶದಲ್ಲಿ ಅರವತ್ತು ದಾಟಿದವರ ಪೈಕಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಷಿಯಾ ಇದೆಯೆಂದು 2023ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜಿಸಿದೆ. ಇವರ ಆರೈಕೆಯ ಹೊರೆ ಬಹುತೇಕ ಮನೆಯ ಹೆಂಗಸರದು. ಕೂಲಿಯಿಲ್ಲದ ಈ ದುಡಿಮೆ ರಾಷ್ಟ್ರೀಯ ಆದಾಯದ ಲೆಕ್ಕಕ್ಕೆ ಬಾರದು. ಆಡಳಿತದಲ್ಲಿ ದಶಕಗಳನ್ನು ಕಳೆದ ನಾನು ಬಲ್ಲೆ: ಲೆಕ್ಕಕ್ಕೆ ಬಾರದ್ದು ಬಜೆಟ್ಟಿಗೂ ಬಾರದು.

ತಾಲ್ಲೂಕಿಗೊಂದು ಹಗಲು ಆರೈಕೆ ಕೇಂದ್ರ, ಆಶಾ ಕಾರ್ಯಕರ್ತೆಯರಿಗೆ ಸೂಕ್ತ ತರಬೇತಿ ಮತ್ತು ಗೌರವಧನ ಸರ್ಕಾರಕ್ಕೆ ನಿಲುಕದ ವೆಚ್ಚವೇನಲ್ಲ. ಅಲ್ಲಿಯವರೆಗೆ ಬಂಧುಗಳು ಮಾಡಬಹುದಾದದ್ದೂ ಇದೆ. ನೋಡಿಕೊಳ್ಳುವವರಿಗೆ ಉಪದೇಶ ಹೇಳುವ ಬದಲು, ವಾರಕ್ಕೊಮ್ಮೆಯಾದರೂ ಅವರ ಜಾಗದಲ್ಲಿ ಕುಳಿತು ಅವರನ್ನು ಮಲಗಲು ಕಳುಹಿಸಬೇಕು.