ಹಕ್ಕಿಗಳು ಗುಂಪಾಗಿ ಸತ್ತು ಬಿದ್ದಾಗ

ಬೆಳಿಗ್ಗೆ ಹೊಲಕ್ಕೆ ಹೋದಾಗ ಬದುವಿನ ಉದ್ದಕ್ಕೂ ಹತ್ತಿಪ್ಪತ್ತು ಬೆಳವಗಳೋ ಗೊರವಂಕಗಳೋ ಸತ್ತು ಬಿದ್ದಿರುವುದು ಕಂಡರೆ ಯಾರಿಗಾದರೂ ಕಳವಳವಾಗುವುದು ಸಹಜ. ಸುದ್ದಿ ಊರಿಗೆ ಮುಟ್ಟುತ್ತಲೇ ಒಬ್ಬರು ಹಕ್ಕಿಜ್ವರ ಎನ್ನುತ್ತಾರೆ, ಇನ್ನೊಬ್ಬರು ಮೊಬೈಲ್ ಗೋಪುರದ ಕಡೆಗೆ ಕೈ ತೋರಿಸುತ್ತಾರೆ, ವಯಸ್ಸಾದವರು ಊರಿಗೆ ಏನೋ ಕೇಡು ಕಾದಿದೆ ಎಂದು ನಿಟ್ಟುಸಿರು ಬಿಡುತ್ತಾರೆ. ಈ ಮಾತುಕತೆ ಮುಗಿಯುವಷ್ಟರಲ್ಲಿ ಯಾರೋ ಸತ್ತ ಹಕ್ಕಿಗಳನ್ನೆಲ್ಲ ಮಂಕರಿಗೆ ತುಂಬಿ ಹಳ್ಳಕ್ಕೆ ಸುರಿದು ಬಂದಿರುತ್ತಾರೆ. ಕಾರಣ ತಿಳಿಯಲು ಇದ್ದ ಸಾಕ್ಷ್ಯ ಅದರೊಂದಿಗೇ ಹೋಗುತ್ತದೆ.

ನಾನು ಬೇಸಾಯ ಶಾಸ್ತ್ರದವನು, ಪಶುವೈದ್ಯನಲ್ಲ. ಆದರೂ ಈ ವಿಷಯದ ಮೇಲೆ ಬರೆಯಲು ಕಾರಣವಿದೆ. ಹೊಲಗಳಲ್ಲಿ ಹಕ್ಕಿಗಳು ಒಮ್ಮೆಗೇ ಸಾಯುವ ಪ್ರಸಂಗಗಳಲ್ಲಿ ಅನೇಕವು ನಮ್ಮ ಬಿತ್ತನೆ ಬೀಜ, ಹರಳು ಔಷಧಿ, ಸಿಂಪರಣೆ ಇವುಗಳಿಗೆ ಸಂಬಂಧಪಟ್ಟಿರುತ್ತವೆ.

ಒಂದು ಹೊಲದಲ್ಲಿ ಕಂಡದ್ದು

ಕೆಲವು ವರ್ಷಗಳ ಹಿಂದೆ ಮುಂಗಾರು ಬಿತ್ತನೆಯ ಸಮಯದಲ್ಲಿ ಒಂದು ಹಳ್ಳಿಯಿಂದ ನನಗೆ ಕರೆ ಬಂತು. ಮುಸುಕಿನ ಜೋಳ ಬಿತ್ತಿದ ಮರುದಿನ ಹೊಲದ ಒಂದು ಅಂಚಿನಲ್ಲಿ ಬೆಳವ, ಗೌಜಲಹಕ್ಕಿ ಮತ್ತು ಎರಡು ನವಿಲು ಸತ್ತು ಬಿದ್ದಿದ್ದವು. ಹೊಲದ ನಡುವೆ ಒಂದೂ ಇರಲಿಲ್ಲ. ಪಶುವೈದ್ಯರು ಬೆಳವವೊಂದನ್ನು ಕೊಯ್ದು ನೋಡಿದಾಗ ಕತ್ತಿನ ಬುಡದ ಕಾಳಿನ ಚೀಲದಲ್ಲಿ ಬಣ್ಣ ಹಚ್ಚಿದ ಜೋಳದ ಕಾಳುಗಳಿದ್ದವು. ಹೊಲದ ಯಜಮಾನರು ಹಕ್ಕಿಗೆ ವಿಷವಿಡುವ ಮನುಷ್ಯರಲ್ಲ. ಬೀಜಕ್ಕೆ ಕೀಟನಾಶಕ ಲೇಪಿಸಿ ಬಿತ್ತಿದ್ದರು, ಅಷ್ಟೆ. ಆದರೆ ಬದುವಿನ ಬಳಿ ಕೂರಿಗೆಯನ್ನು ಎತ್ತಿ ತಿರುಗಿಸುವ ಜಾಗದಲ್ಲಿ ಪ್ರತಿ ಸಾಲಿಗೂ ಒಂದಿಷ್ಟು ಕಾಳು ಮಣ್ಣಿನ ಮೇಲೆಯೇ ಚೆಲ್ಲಿತ್ತು. ಮಿಕ್ಕ ಬೀಜವನ್ನೂ ಅಲ್ಲೇ ಕೊಡವಿದ್ದರು.

ಹಿಂದಿನ ತಿಂಗಳ ತರಬೇತಿಯಲ್ಲಿ ಬೀಜೋಪಚಾರ ಮಾಡಿರಿ ಎಂದು ಅವರಿಗೆ ಹೇಳಿದ್ದವನು ನಾನೇ. ಎಷ್ಟು ಗ್ರಾಂ, ಎಷ್ಟು ನೀರು, ಎಷ್ಟು ಹೊತ್ತು ನೆರಳಿನಲ್ಲಿ ಒಣಗಿಸಬೇಕು ಎಂಬುದನ್ನೆಲ್ಲ ಹೇಳಿದ್ದೆ. ಚೆಲ್ಲಿದ ಕಾಳಿನ ಮಾತನ್ನು ಮಾತ್ರ ಎತ್ತಿರಲಿಲ್ಲ. ಅಂದಿನಿಂದ ಆ ಮಾತನ್ನು ಬಿಡದೆ ಹೇಳುತ್ತಿದ್ದೇನೆ.

ವಿಷದ ಗುರುತುಗಳು

ರಂಜಕಯುಕ್ತ ಕೀಟನಾಶಕಗಳೂ ಕಾರ್ಬಮೇಟ್ ಗುಂಪಿನವೂ ನರಗಳ ಮೇಲೆ ಕೆಲಸ ಮಾಡುತ್ತವೆ. ನರದ ಸಂದೇಶ ಮುಟ್ಟಿದ ಮೇಲೆ ಅದನ್ನು ನಿಲ್ಲಿಸುವ ಕಿಣ್ವವೊಂದು ಪ್ರಾಣಿಗಳ ದೇಹದಲ್ಲಿದೆ. ಈ ಔಷಧಿಗಳು ಆ ಕಿಣ್ವವನ್ನು ಕಟ್ಟಿಹಾಕುತ್ತವೆ. ಆಗ ಹಕ್ಕಿ ನಡುಗುತ್ತದೆ, ಕೊಕ್ಕಿನಿಂದ ಜೊಲ್ಲು ಸುರಿಯುತ್ತದೆ, ಕಾಲ್ಬೆರಳು ಮುದುಡಿಕೊಳ್ಳುತ್ತವೆ, ಕೊನೆಗೆ ಉಸಿರು ಕಟ್ಟುತ್ತದೆ. ಇದೆಲ್ಲ ಬಹು ಬೇಗ ನಡೆಯುವುದರಿಂದ ಹಕ್ಕಿ ಮೇದ ಜಾಗದ ಸಮೀಪದಲ್ಲೇ ಬಿದ್ದಿರುತ್ತದೆ. ಮೈ ತುಂಬಿಕೊಂಡಿರುತ್ತದೆ, ಕಾಳಿನ ಚೀಲವೂ ತುಂಬಿರುತ್ತದೆ. ರೋಗದಿಂದ ಬಹಳ ದಿನ ನರಳಿದ ಹಕ್ಕಿಯಾದರೋ ಎದೆಯ ಮೂಳೆ ಕೈಗೆ ಹತ್ತುವಷ್ಟು ಬಡಕಲಾಗಿರುತ್ತದೆ. ಬೆಳವ, ನವಿಲು, ಗುಬ್ಬಿ ಹೀಗೆ ಕಾಳು ತಿನ್ನುವ ಬೇರೆ ಬೇರೆ ಜಾತಿಗಳು ಒಂದೇ ಕಡೆ ಸತ್ತಿದ್ದರೆ, ಅವನ್ನು ತಿಂದ ಕಾಗೆಯೋ ನಾಯಿಯೋ ಪಕ್ಕದಲ್ಲೇ ಬಿದ್ದಿದ್ದರೆ, ಮೊದಲು ವಿಷವನ್ನೇ ಸಂಶಯಿಸಬೇಕು.

ಹರಳು ಔಷಧಿಯಲ್ಲಿ ಇನ್ನೊಂದು ಅಪಾಯವಿದೆ. ಹಕ್ಕಿಗೆ ಹಲ್ಲಿಲ್ಲ. ಕಾಳನ್ನು ಅರೆಯಲು ಅದು ಸಣ್ಣ ಕಲ್ಲಿನ ಚೂರುಗಳನ್ನು ಹೆಕ್ಕಿ ನುಂಗುತ್ತದೆ. ಮಣ್ಣಿನ ಮೇಲೆ ಬಿದ್ದ ಕಾರ್ಬೊಫ್ಯುರಾನ್ ಹರಳು ಅದರ ಕಣ್ಣಿಗೆ ಅಂಥದೇ ಒಂದು ಚೂರು. ಸಣ್ಣ ಹಕ್ಕಿಯನ್ನು ಕೊಲ್ಲಲು ಕೆಲವೇ ಹರಳು ಸಾಕು.

ಇದು ನಮ್ಮಲ್ಲಿ ಮಾತ್ರ ಆಗುವುದಲ್ಲ. ಉತ್ತರ ಅಮೆರಿಕದಲ್ಲಿ ಮರಿ ಮಾಡಿ, ಚಳಿಗಾಲಕ್ಕೆ ದಕ್ಷಿಣದ ಅರ್ಜೆಂಟೀನಕ್ಕೆ ಹಾರಿಹೋಗುವ ಸ್ವೇನ್ಸನ್ ಗಿಡುಗ ಎಂಬ ಹಕ್ಕಿಯಿದೆ. ಅಲ್ಲಿ ಅದರ ಮುಖ್ಯ ಆಹಾರ ಮಿಡತೆ; ಎಂದರೆ ಅದು ರೈತನ ಮಿತ್ರ. 1995-96ರ ಹಂಗಾಮಿನಲ್ಲಿ ಅಲ್ಲಿನ ರೈತರು ಕುದುರೆ ಮೆಂತೆ ಮತ್ತು ಸೂರ್ಯಕಾಂತಿ ಹೊಲಗಳಲ್ಲಿ ಮಿಡತೆಯ ಹತೋಟಿಗೆ ಮೊನೊಕ್ರೋಟೊಫಾಸ್ ಸಿಂಪಡಿಸಿದರು. ಸಾಯುತ್ತಿದ್ದ ಮಿಡತೆಗಳನ್ನು ತಿನ್ನಲು ಗಿಡುಗಗಳು ಹಿಂಡು ಹಿಂಡಾಗಿ ಇಳಿದವು. ಎಣಿಕೆಗೆ ಸಿಕ್ಕ ಹೆಣಗಳೇ ಸುಮಾರು 5,000. ಒಟ್ಟು ಸತ್ತವು 20,000 ಇರಬಹುದೆಂದು ತಜ್ಞರು ಅಂದಾಜು ಮಾಡಿದರು. ಆ ಔಷಧಿಯ ಬಳಕೆಗೆ ತಡೆ ಬಿದ್ದ ಮೇಲೆ ಸಾವು ತೀವ್ರವಾಗಿ ಇಳಿಯಿತು. ನಮ್ಮ ದೇಶದಲ್ಲೂ 1980ರ ದಶಕದ ಕೊನೆಯ ಚಳಿಗಾಲಗಳಲ್ಲಿ ರಾಜಸ್ಥಾನದ ಭರತಪುರದ ಪಕ್ಷಿಧಾಮದಲ್ಲಿ ಸಾರಸ ಕೊಕ್ಕರೆಗಳೂ ಬೆಳವಗಳೂ ಸತ್ತುದಕ್ಕೆ ಸುತ್ತಲಿನ ಬೇಸಾಯದಲ್ಲಿ ಬಳಸುತ್ತಿದ್ದ ಆಲ್ಡ್ರಿನ್ ಕಾರಣವೆಂದು ಕಂಡುಬಂದಿತು.

ಇವುಗಳಲ್ಲಿ ಹಲವು ಔಷಧಿಗಳು ಈಗ ನಿಷಿದ್ಧ. ಫೋರೇಟ್ ಬಳಕೆ 2020ರ ಕೊನೆಗೆ ನಿಂತಿತು. 2023ರ ಕೇಂದ್ರ ಸರ್ಕಾರದ ಆಜ್ಞೆ ಮೊನೊಕ್ರೋಟೊಫಾಸ್ ಶೇ. 36 ದ್ರಾವಣವನ್ನು ನಿಷೇಧಿಸಿತಲ್ಲದೆ, ಕಾರ್ಬೊಫ್ಯುರಾನಿನಲ್ಲಿ ಹೊದಿಕೆಯುಳ್ಳ ಶೇ. 3ರ ಹರಳನ್ನು ಬಿಟ್ಟು ಉಳಿದುವನ್ನೆಲ್ಲ ತೆಗೆದುಹಾಕಿತು. ಆದರೆ ಅಟ್ಟದ ಮೇಲಿನ ಹಳೆಯ ಡಬ್ಬಕ್ಕೆ ಸರ್ಕಾರದ ಆಜ್ಞೆ ತಿಳಿಯದು. ನಿಮ್ಮ ಮನೆಯಲ್ಲಿ ಅಂಥದು ಉಳಿದಿದ್ದರೆ ಬಳಸಬೇಡಿ, ಹಳ್ಳಕ್ಕೂ ಸುರಿಯಬೇಡಿ. ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ.

ನೀರಿನ ದಡದಲ್ಲಿ ಸತ್ತಿದ್ದರೆ

ಹೊಲವನ್ನು ಬಿಟ್ಟು ಕೆರೆಯ ಕಡೆಗೆ ಬಂದರೆ ಕಾರಣಗಳು ಬೇರೆಯಾಗುತ್ತವೆ. 2019ರ ನವೆಂಬರಿನಲ್ಲಿ ರಾಜಸ್ಥಾನದ ಸಾಂಭರ್ ಉಪ್ಪುನೀರಿನ ಸರೋವರದ ದಡದಲ್ಲಿ ಬಾತು, ಉಲ್ಲಂಕಿ ಮೊದಲಾದ 18,000ಕ್ಕೂ ಹೆಚ್ಚು ಹಕ್ಕಿಗಳು ಸತ್ತವು. ಎಲ್ಲರ ಬಾಯಲ್ಲೂ ಮೊದಲು ಬಂದದ್ದು ಹಕ್ಕಿಜ್ವರ. ಭೋಪಾಲದ ಪ್ರಯೋಗಾಲಯದ ಪರೀಕ್ಷೆಯಲ್ಲಿ ಹಕ್ಕಿಜ್ವರವಲ್ಲವೆಂದು ತಿಳಿಯಿತು. ಬಳಿಕ ಬರೇಲಿಯ ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆಯವರು ಇದು ಬಾಟುಲಿಸಮ್ ಎಂದು ಖಚಿತಪಡಿಸಿದರು.

ಇದು ನಡೆಯುವ ಬಗೆಯನ್ನು ರೈತರು ಅಗತ್ಯ ತಿಳಿದಿರಬೇಕು. ಕ್ಲಾಸ್ಟ್ರಿಡಿಯಮ್ ಬಾಟುಲಿನಮ್ ಎಂಬ ಸೂಕ್ಷ್ಮಾಣು ಕೆರೆಯ ಕೆಸರಿನಲ್ಲಿ ಸುಪ್ತವಾಗಿ ವರ್ಷಗಟ್ಟಲೆ ಇರಬಲ್ಲದು. ಗಾಳಿಯಾಡದ ಕಡೆ, ಬೆಚ್ಚಗಿದ್ದು, ಕೊಳೆಯುವ ಮಾಂಸ ಸಿಕ್ಕಿದಾಗ ಅದು ಚಿಗುರಿಕೊಂಡು ಘೋರವಾದ ವಿಷವನ್ನು ಉಂಟುಮಾಡುತ್ತದೆ. ಸತ್ತ ಒಂದು ಹಕ್ಕಿಯ ಹೆಣದಲ್ಲಿ ನೊಣದ ಹುಳುಗಳು ಬೆಳೆಯುತ್ತವೆ. ಆ ವಿಷ ಹುಳುಗಳಿಗೆ ಏನೂ ಮಾಡುವುದಿಲ್ಲ. ಅವುಗಳ ಮೈಯಲ್ಲಿ ಸೇರಿಕೊಳ್ಳುತ್ತದೆ. ಅಂಥ ಮೂರು ನಾಲ್ಕು ಹುಳು ತಿಂದರೂ ಬಾತು ಸಾಯಬಹುದು. ಅದರ ಹೆಣದಲ್ಲಿ ಮತ್ತೆ ಹುಳು, ಅದನ್ನು ತಿಂದು ಮತ್ತೊಂದು ಸಾವು. ಹೀಗೆ ಒಂದು ಹತ್ತಾಗಿ, ಹತ್ತು ಸಾವಿರವಾಗುತ್ತದೆ. ವಿಷವೇರಿದ ಹಕ್ಕಿಗೆ ಕಾಲು ರೆಕ್ಕೆಗಳು ಸೋಲುತ್ತವೆ, ಕತ್ತು ಎತ್ತಲಾಗುವುದಿಲ್ಲ, ಎಷ್ಟೋ ಹಕ್ಕಿಗಳು ಅಂಗೈ ಆಳದ ನೀರಿನಲ್ಲಿ ಮೂಗು ಮುಳುಗಿ ಸಾಯುತ್ತವೆ. ಹೆಣಗಳನ್ನು ಬೇಗ ಬೇಗ ಆರಿಸಿ ಸುಡುವುದೋ ಹೂಳುವುದೋ ಇದರ ಮುಖ್ಯ ಉಪಾಯ. ಸತ್ತ ಕೋಳಿಯನ್ನು ಗೋಕಟ್ಟೆಗೆ ಎಸೆಯುವ ಕೆಟ್ಟ ರೂಢಿ ನಮ್ಮಲ್ಲಿ ಕೆಲವು ಕಡೆ ಇರುವುದರಿಂದ ಇಷ್ಟು ವಿಸ್ತಾರವಾಗಿ ಬರೆಯಬೇಕಾಯಿತು. ದನಕರುಗಳಿಗೂ ಈ ವಿಷ ತಗಲುತ್ತದೆ.

ಕೆರೆಯ ಹಕ್ಕಿ ಸತ್ತಾಗಲೆಲ್ಲ ಬಾಟುಲಿಸಮ್ ಎನ್ನುವಂತೆಯೂ ಇಲ್ಲ. 2017-18ರ ಚಳಿಗಾಲದಲ್ಲಿ ಮಂಡ್ಯ ಜಿಲ್ಲೆಯ ಕೊಕ್ಕರೆಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳು ಒಂದರ ಹಿಂದೆ ಒಂದು ಮರದಿಂದ ಬಿದ್ದು ಸತ್ತವು. ಹೆಣಗಳನ್ನು ಕೊಯ್ದು ನೋಡಿದಾಗ ಹೊಟ್ಟೆಯಲ್ಲಿ ದುಂಡುಜಂತುಗಳು ಸಿಕ್ಕವು. ಈ ಜಂತು ಹಕ್ಕಿಗೆ ಬರುವುದು ಅದು ತಿನ್ನುವ ಮೀನಿನ ಮೂಲಕ. ಹೊರಗಿನಿಂದ ಎಷ್ಟು ನೋಡಿದ್ದರೂ ಇದು ತಿಳಿಯುತ್ತಿರಲಿಲ್ಲ.

ಮನೆಯ ಕೋಳಿಯೂ ಸತ್ತರೆ

ನಾಟಿ ಕೋಳಿಗಳು ಸಾಲಾಗಿ ಸಾಯುವುದು ನಿಮಗೆ ಹೊಸದಲ್ಲ. ಹಸಿರು ಬೇಧಿ, ಕತ್ತು ತಿರುಚುವುದು, ಬಾಯಿ ತೆರೆದು ಉಸಿರೆಳೆಯುವುದು ಕಂಡರೆ ಸಾಮಾನ್ಯವಾಗಿ ಅದು ಕೊಕ್ಕರೆ ರೋಗ, ಎಂದರೆ ರಾಣಿಖೇತ್. ಇದಕ್ಕೆ ಲಸಿಕೆಯುಂಟು, ಹಾಕಿಸದೆ ಇರುವುದಕ್ಕೆ ಯಾವ ನೆವವೂ ಸಲ್ಲದು.

ಆದರೆ ಹಕ್ಕಿಜ್ವರವೂ ಆರಂಭದಲ್ಲಿ ಇದೇ ರೀತಿ ಕಾಣಬಹುದು. ಜುಟ್ಟು ನೀಲಿಗಟ್ಟುವುದು, ತಲೆ ಊದಿಕೊಳ್ಳುವುದು, ಒಂದೆರಡು ದಿನದಲ್ಲೇ ಬಹುಪಾಲು ಕೋಳಿ ಸಾಯುವುದು ಇದರ ಲಕ್ಷಣ. ಭಾರತದಲ್ಲಿ ಇದು ಮೊದಲು ಪತ್ತೆಯಾದದ್ದು 2006ರಲ್ಲಿ, ಮಹಾರಾಷ್ಟ್ರದ ನವಾಪುರದಲ್ಲಿ. ನಮ್ಮ ರಾಜ್ಯದಲ್ಲಿ 2012ರಲ್ಲಿ ಹೆಸರಘಟ್ಟದಲ್ಲಿ, 2020ರಲ್ಲಿ ಮೈಸೂರು ಹಾಗೂ ದಾವಣಗೆರೆ ಜಿಲ್ಲೆಗಳಲ್ಲಿ ಕಾಣಿಸಿತು. 2017ರ ಜನವರಿಯಲ್ಲಿ ಮೈಸೂರು ಮೃಗಾಲಯವನ್ನು ಸುಮಾರು ಒಂದು ತಿಂಗಳು ಮುಚ್ಚಬೇಕಾಯಿತು. ಎರಡು ರೋಗಗಳನ್ನು ಕಣ್ಣಳತೆಯಲ್ಲಿ ಬೇರ್ಪಡಿಸಲು ಹೋಗಬೇಡಿ. ಅದು ಪ್ರಯೋಗಾಲಯದ ಕೆಲಸ. ಸುದ್ದಿ ತಿಳಿಸಿದರೆ ಕೋಳಿಯನ್ನೆಲ್ಲ ಕೊಲ್ಲುತ್ತಾರೆಂಬ ಭಯ ನಿಮಗಿರುವುದು ನನಗೆ ಗೊತ್ತು. ಆದರೆ ಒಂದು ಸಂಗತಿ ನೆನಪಿಡಿ: ರೋಗ ದೃಢಪಟ್ಟಾಗ ಸರ್ಕಾರ ಕೊಲ್ಲಿಸಿದ ಕೋಳಿಗಳಿಗೆ ಪರಿಹಾರ ಸಿಗುತ್ತದೆ, ಅದಕ್ಕೆ ಮೊದಲೇ ತಾನಾಗಿ ಸತ್ತವಕ್ಕೆ ಸಿಗುವುದಿಲ್ಲ. ಮುಚ್ಚಿಟ್ಟು ನಾಲ್ಕು ದಿನ ಕಾದವರಿಗೆ ಎರಡು ಕಡೆಯಿಂದಲೂ ನಷ್ಟ.

ಆಲಿಕಲ್ಲು, ಸಿಡಿಲು, ಕಡು ಬೇಸಿಗೆಯ ಬಿಸಿಲು ಕೂಡ ಹಕ್ಕಿಗಳನ್ನು ಗುಂಪಾಗಿ ಕೊಲ್ಲುತ್ತವೆ. ಹಿಂದಿನ ದಿನದ ಹವೆಯನ್ನು ನೆನಸಿಕೊಂಡರೆ ಇವು ತಾವೇ ತಿಳಿಯುತ್ತವೆ. ಅಮೆರಿಕದ ಅರ್ಕನ್ಸಾ ರಾಜ್ಯದ ಬೀಬಿ ಎಂಬ ಊರಿನಲ್ಲಿ 2010ರ ಡಿಸೆಂಬರ್ 31ರ ರಾತ್ರಿ ಪಟಾಕಿ ಸದ್ದಿಗೆ ಬೆದರಿ ಕತ್ತಲಲ್ಲಿ ಹಾರಿದ ಸಾವಿರಾರು ಹಕ್ಕಿಗಳು ಮನೆ, ಮರಗಳಿಗೆ ಬಡಿದು ಸತ್ತದ್ದೂ ಉಂಟು. ಮೊಬೈಲ್ ಗೋಪುರದ ಮಾತು ಹಬ್ಬಿದ್ದು ಹಾಲೆಂಡಿನ ಹೇಗ್ ನಗರದಲ್ಲಿ 2018ರ ಶರತ್ಕಾಲದಲ್ಲಿ ನೂರಾರು ಹಕ್ಕಿಗಳು ಸತ್ತಾಗ. ಅಲ್ಲಿ ಹೊಸ ತರಂಗದ ಪರೀಕ್ಷೆ ನಡೆದು ತಿಂಗಳುಗಳೇ ಕಳೆದಿದ್ದವು.

ಬಿತ್ತುವಾಗ ಗಮನಿಸಬೇಕಾದದ್ದು

ಆ ದಿನಕ್ಕೆ ಬೇಕಾದಷ್ಟೇ ಬೀಜಕ್ಕೆ ಔಷಧಿ ಲೇಪಿಸಿ. ಕಾಳು ತಕ್ಕ ಆಳಕ್ಕೆ ಬಿದ್ದು ಮಣ್ಣು ಮುಚ್ಚಬೇಕು. ಕೂರಿಗೆ ತಿರುಗುವ ಅಂಚುಗಳಲ್ಲಿ ಬಿತ್ತನೆ ಮುಗಿದ ಕೂಡಲೇ ಒಬ್ಬರು ನಡೆದು ಹೋಗಿ, ಚೆಲ್ಲಿದ ಕಾಳನ್ನು ಗುದ್ದಲಿಯಿಂದ ಮಣ್ಣಿಗೆ ಸೇರಿಸಬೇಕು. ಇಮಿಡಾಕ್ಲೋಪ್ರಿಡ್ ಲೇಪಿಸಿದ ಕಾಳು ಸ್ವಲ್ಪವೇ ತಿಂದರೂ ಸಣ್ಣ ಹಕ್ಕಿಗೆ ಅಪಾಯ. ಮಿಕ್ಕ ಬೀಜವನ್ನು ನೀರಿನ ನೆಲೆಯಿಂದ ದೂರ ಆಳವಾಗಿ ಹೂಳಿ. ಕೋಳಿಗಾಗಲಿ ದನಕ್ಕಾಗಲಿ ಹಾಕಬೇಡಿ. ಪಂಪನ್ನು ಗೋಕಟ್ಟೆಯಲ್ಲಿ ತೊಳೆಯಬೇಡಿ.

ನವಿಲಿನ ಕಾಟದ ಬಗ್ಗೆ ಒಂದು ಮಾತು. ಶೇಂಗಾ, ಜೋಳ ಬಿತ್ತಿದವರ ಸಂಕಟ ನಿಜವಾದದ್ದು, ಅದನ್ನು ಪೇಟೆಯ ಜನ ಅರಿಯರು. ಆದರೆ ಕಾಳಿಗೆ ವಿಷ ಬೆರೆಸಿ ಎರಚುವುದು ಪರಿಹಾರವಲ್ಲ. ಅದು ನವಿಲನ್ನಷ್ಟೇ ಹುಡುಕಿಕೊಂಡು ಹೋಗುವುದಿಲ್ಲ. ನೆರೆಯವರ ಕೋಳಿ, ನಿಮ್ಮದೇ ನಾಯಿ, ಆಡುವ ಮಗು ಯಾರ ಬಾಯಿಗಾದರೂ ಬೀಳಬಹುದು. ನವಿಲು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿದೆ. ಕೊಂದವರಿಗೆ ಜೈಲು ಶಿಕ್ಷೆಯುಂಟು. ಹೆಚ್ಚು ಹಾನಿಯಾಗುವುದು ಬಿತ್ತಿದ ಮೊದಲ ಎಂಟು ಹತ್ತು ದಿನ. ಅಷ್ಟು ದಿನ ಬೆಳಗಿನ ಮತ್ತು ಸಂಜೆಯ ಹೊತ್ತು ಕಾವಲು, ಕವಣೆ, ಹೊಳೆಯುವ ಕೆಂಪು-ಬೆಳ್ಳಿ ಪಟ್ಟಿಗಳನ್ನು ತಿರುಚಿ ಕಟ್ಟುವುದು, ಇವುಗಳಿಂದ ಸಾಕಷ್ಟು ತಡೆಯಬಹುದು. ಅಕ್ಕಪಕ್ಕದ ಹೊಲದವರು ಒಟ್ಟಿಗೆ ಬಿತ್ತಿದರೆ ಹಾನಿ ಹಂಚಿಹೋಗುತ್ತದೆ.

ಸತ್ತ ಹಕ್ಕಿಗಳು ಕಂಡರೆ

ಬರಿಗೈಯಿಂದ ಮುಟ್ಟಬೇಡಿ, ಮಕ್ಕಳನ್ನೂ ನಾಯಿಗಳನ್ನೂ ದೂರವಿಡಿ, ಮಾಂಸವನ್ನು ಯಾವ ಕಾರಣಕ್ಕೂ ಉಪಯೋಗಿಸಬೇಡಿ. ಹತ್ತಿರದ ಪಶುವೈದ್ಯರಿಗೆ ಅಂದೇ ತಿಳಿಸಿ. ನವಿಲು ಅಥವಾ ಬೇರೆ ಕಾಡುಹಕ್ಕಿಯಾದರೆ ಅರಣ್ಯ ಇಲಾಖೆಗೂ ತಿಳಿಸಬೇಕು, ಹಾಗೂ ಅವರು ಬರುವ ತನಕ ಜಾಗದಿಂದ ಕದಲಿಸಬಾರದು. ಸತ್ತ ಕೋಳಿಯನ್ನು ತರಲು ವೈದ್ಯರೇ ಹೇಳಿದರೆ, ಕೈಗೆ ಚೀಲ ಸುತ್ತಿಕೊಂಡು ಎತ್ತಿ, ಎರಡು ಪ್ಲಾಸ್ಟಿಕ್ ಚೀಲಗಳಲ್ಲಿ ಕಟ್ಟಿ, ಮಂಜುಗಡ್ಡೆಯ ನಡುವೆ ಇಟ್ಟು ಒಯ್ಯಿರಿ. ಹೊಸದಾಗಿ ಸತ್ತದ್ದೇ ಆಗಬೇಕು. ಕೊಳೆತದ್ದರಿಂದ ಏನೂ ತಿಳಿಯದು.

ಜೊತೆಗೆ ಒಂದು ಚೀಟಿಯಲ್ಲಿ ಇಷ್ಟು ಬರೆದುಕೊಡಿ: ಯಾವ ಯಾವ ಜಾತಿ, ಎಷ್ಟೆಷ್ಟು, ಹೊಲದ ನಡುವೆಯೋ ಅಂಚಿನಲ್ಲೋ ನೀರ ದಡದಲ್ಲೋ, ಊರಿನ ಕೋಳಿಗಳು ಹೇಗಿವೆ, ಕಳೆದ ಒಂದು ವಾರದಲ್ಲಿ ಸುತ್ತಲಿನ ಹೊಲಗಳಲ್ಲಿ ಏನು ಬಿತ್ತಿದರು, ಯಾವ ಔಷಧಿ ಬಳಸಿದರು. ಔಷಧಿ ನಿಮ್ಮದೇ ಹೊಲದ್ದಾಗಿದ್ದರೆ ಅದನ್ನೂ ಬರೆಯಿರಿ, ಡಬ್ಬದ ಮೇಲಿನ ಚೀಟಿಯನ್ನು ಜೊತೆಗಿಡಿ. ಯಾವ ವಿಷಕ್ಕೆ ಪರೀಕ್ಷೆ ಮಾಡಬೇಕೆಂದು ಪ್ರಯೋಗಾಲಯದವರಿಗೆ ತಿಳಿಯುವುದು ಅದರಿಂದಲೇ.