ನಳಿಕೆಗೊಪ್ಪುವ ಗುಂಡು
ನಾನು ಆಡುವ 50 ಮೀಟರ್ ರೈಫಲ್ ಸ್ಪರ್ಧೆಯಲ್ಲಿ ಹತ್ತು ಅಂಕದ ವೃತ್ತದ ಅಗಲ 10.4 ಮಿಲಿಮೀಟರ್ ಮಾತ್ರ. ಸೆಂಟರ್‌ಫೈರ್ ರೈಫಲಿನವರು ಖಾಲಿ ತೋಟಾಕ್ಕೆ ಮದ್ದನ್ನು ತಾವೇ ತೂಗಿ ತುಂಬಿ ನಿಖರತೆ ಹೆಚ್ಚಿಸಿಕೊಳ್ಳುತ್ತಾರೆ. ನಮ್ಮ .22 ರಿಮ್‌ಫೈರ್‌ಗೆ ಆ ದಾರಿಯಿಲ್ಲ. ಕಿಡಿ ಹೊತ್ತಿಸುವ ಮದ್ದು ತೋಟಾದ ಅಂಚಿನೊಳಗೇ ಇರುತ್ತದೆ, ಹಾರಿಸಿದಾಗ ಆ ಅಂಚೇ ಜಜ್ಜಿಹೋಗುತ್ತದೆ. ಉಳಿಯುವುದು ನಳಿಕೆಗೊಪ್ಪುವ ಲಾಟಿನ, ಅಂದರೆ ಒಟ್ಟಿಗೆ ತಯಾರಾದ ಗುಂಡುಗಳ ಕಂತಿನ, ಆಯ್ಕೆಯೊಂದೇ.

ರೈಫಲನ್ನು ಕ್ಲ್ಯಾಂಪಿಗೆ ಬಿಗಿದು ಒಂದೊಂದು ಲಾಟಿನಿಂದ ಹತ್ತತ್ತು ಗುಂಡು ಹಾರಿಸಿ ನೋಡುತ್ತೇವೆ. ಒಂದು ಲಾಟಿನ ತೂತುಗಳು ಒಂದರ ಮೇಲೊಂದು ಬಿದ್ದು ಒಂದೇ ಕಂಡಿಯಾಗುತ್ತವೆ. ಅದೇ ಕಂಪನಿಯ, ಅದೇ ಬೆಲೆಯ ಇನ್ನೊಂದು ಲಾಟು ಚದುರುತ್ತದೆ. ಗೆಳತಿಯ ನಳಿಕೆಯಲ್ಲಿ ಇದೇ ಫಲಿತಾಂಶ ತಿರುವುಮುರುವಾಗಬಹುದು. ದುಬಾರಿ ಶೂಟಿಂಗ್ ಜಾಕೆಟ್ಟಿಗೆ ಹಣ ಸುರಿಯುವ ಮೊದಲು ಹೊಸಬರು ಈ ಪರೀಕ್ಷೆ ಮಾಡಿಸಲೇಬೇಕು. ಒಪ್ಪುವ ಲಾಟು ಸಿಕ್ಕರೆ, ಲೈಸೆನ್ಸಿನ ಮಿತಿಯೊಳಗೆ, ಇಡೀ ಸೀಸನ್ನಿಗಾಗುವಷ್ಟು ಕೊಂಡಿಡಿ.