ಒಂದು ಬೊಗಸೆ ಬೆಳಕಲ್ಲಿ ದೂರ ಅಳೆಯುವ ಲೆಕ್ಕ

ಕೈಯಲ್ಲಿರುವುದು ಒಂದು ಬೊಗಸೆ ಜೋಳ. ಅದನ್ನೇ ಕೂರಿಗೆಗೆ ಹಾಕಿ ಯಲಬುರ್ಗಾದ ಎಕರೆ ಎರೆಹೊಲಕ್ಕೆ ಬಿತ್ತಿದರೆ, ಸಾಲಿನಲ್ಲಿ ಕಾಳು ಹುಡುಕಬೇಕು. ದೂರದಲ್ಲಿ ಎಕ್ಸ್-ರೇ ಸೂಸುವ ಆಕರಗಳ ಬೆನ್ನುಹತ್ತಿದ ವಿಜ್ಞಾನಿಗಳ ಪಾಡೂ ಇದೇ.

ದೂರ ತಿಳಿಯಲು ಬೆಳಕನ್ನು ರೋಹಿತವಾಗಿ, ಸಾವಿರಾರು ಬಣ್ಣಗಳಾಗಿ ಹರಡಿ, ಅದರಲ್ಲಿನ ಗೆರೆಗಳು ಕೆಂಪಿನತ್ತ ಎಷ್ಟು ಸರಿದಿವೆ ಎಂದು ನೋಡುತ್ತಾರೆ; ಸರಿದಷ್ಟೂ ದೂರ. ಆಕರ ತೀರಾ ಮಸುಕಾಗಿದ್ದರೆ ಹರಡಲು ಬೆಳಕೇ ಇರುವುದಿಲ್ಲ. ಚಂದ್ರಾ ಎಂಬ ಎಕ್ಸ್-ರೇ ದೂರದರ್ಶಕ ಆಕಾಶದ ದಕ್ಷಿಣದ ಒಂದೇ ತುಣುಕನ್ನು ಒಟ್ಟು 70 ಲಕ್ಷ ಸೆಕೆಂಡು, ಅಂದರೆ 81 ದಿನ, ದಿಟ್ಟಿಸಿ ಸುಮಾರು ಸಾವಿರ ಆಕರ ಕಂಡಿತು. ಅವುಗಳಲ್ಲಿ ಹಲವಕ್ಕೆ ರೋಹಿತ ಸಿಕ್ಕಿಲ್ಲ.

ಆಗ ಬಿತ್ತುವುದು ಬಿಟ್ಟು ಜರಡಿ ಹಿಡಿಯುತ್ತಾರೆ. ಅಗಲವಾದ ಕೆಲವೇ ಫಿಲ್ಟರ್‌ಗಳಲ್ಲಿ ಬೆಳಕನ್ನು ಒಟ್ಟು ಮಾಡಿ, ಯಾವುದರಲ್ಲಿ ಎಷ್ಟು ಬಿತ್ತು ಎಂದು ಹೋಲಿಸುವುದು. ಇದರಲ್ಲಿ ಬೆಂಗಳೂರಿನ ಪಾಲೂ ಇದೆ. 2015ರ ಸೆಪ್ಟೆಂಬರ್ 28ರಂದು ಹಾರಿದ ಭಾರತದ ಉಪಗ್ರಹ ಆಸ್ಟ್ರೋಸ್ಯಾಟ್‌ನ ಎಕ್ಸ್-ರೇ ಉಪಕರಣಗಳು ಇಷ್ಟು ಮಸುಕಾದವಕ್ಕೆ ಸಾಲವು, ನಿಜ. ಆದರೆ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಮುಂದಾಳತ್ವದಲ್ಲಿ ತಯಾರಾದ ಅದರ ನೇರಳಾತೀತ ದೂರದರ್ಶಕ ಚಂದ್ರಾ ನೋಡಿದ ತುಣುಕನ್ನೇ ನೋಡಿತು. ಅದಕ್ಕೆ 130–180 ನ್ಯಾನೊಮೀಟರ್‌ನದೊಂದು ಕಣ್ಣು, 200–300ರದೊಂದು ಕಣ್ಣು ಇಟ್ಟಿದ್ದರು. ಹೈಡ್ರೋಜನ್ 91.2 ನ್ಯಾನೊಮೀಟರ್‌ಗಿಂತ ಚಿಕ್ಕ ಅಲೆಗಳನ್ನು ನುಂಗುತ್ತದೆ. ವಿಶ್ವ ಹಿಗ್ಗಿ ಅಲೆ ಇಮ್ಮಡಿಯಾದರೆ ಈ ಗಡಿ 182.4ಕ್ಕೆ ಸರಿಯುತ್ತದೆ. ಎರಡನೇ ಕಣ್ಣಿಗೆ ಕಂಡ ಚುಕ್ಕೆ ಮೊದಲನೆಯದಕ್ಕೆ ಕಾಣದಿದ್ದರೆ, ಅಲೆ ಇಮ್ಮಡಿಯಾದರೂ ಆಗಿರಬೇಕು ಎಂದು ಅಂದಾಜು.

ಅಂದಾಜೇ, ಯಾಕೆಂದರೆ ಧೂಳು ಮೋಸ ಮಾಡುತ್ತದೆ. ಕೆಲವು ಗ್ಯಾಲಕ್ಸಿಗಳಿಂದ ಹೈಡ್ರೋಜನ್ ನುಂಗಬೇಕಾದ ಬೆಳಕು ಸೋರುವುದೂ ಉಂಟು. ಇದೇ ತುಣುಕಿನಲ್ಲಿ ಹಾಗೆ ಸೋರುವ, 930 ಕೋಟಿ ಜ್ಯೋತಿರ್ವರ್ಷ ದೂರದ ಗ್ಯಾಲಕ್ಸಿಯೊಂದನ್ನು ಆಸ್ಟ್ರೋಸ್ಯಾಟ್ ಕಂಡಿದ್ದು 2020ರಲ್ಲಿ ಪ್ರಕಟವಾಯಿತು. ಎಕ್ಸ್-ರೇ ಆಕರಗಳದು ಇನ್ನೊಂದು ತಕರಾರು: ಬಹುಪಾಲು ಕಪ್ಪುಕುಳಿಗಳಾದ್ದರಿಂದ ಅವುಗಳ ಹೊಳಪು ಏರಿಳಿಯುತ್ತದೆ. ಒಂದು ಫಿಲ್ಟರ್ ಈ ವರ್ಷ, ಇನ್ನೊಂದು ಮುಂದಿನ ವರ್ಷ ಅಂದರೆ ಲೆಕ್ಕ ಕೆಟ್ಟಂತೆಯೇ.

ಎಕ್ಸ್-ರೇಯಲ್ಲೇ ಒಂದು ಗುರುತು ಸಿಗುವುದೂ ಇದೆ. ಕಬ್ಬಿಣದ ಗೆರೆ ಇರಬೇಕಾದದ್ದು 6.4 ಕಿಲೋ ಎಲೆಕ್ಟ್ರಾನ್ ವೋಲ್ಟ್‌ನಲ್ಲಿ, 1.6ರಲ್ಲಿ ಕಂಡರೆ ಅಲೆ ನಾಲ್ಕು ಪಟ್ಟು ಹಿಗ್ಗಿದೆ. ಆದರೆ ಹತ್ತಿಪ್ಪತ್ತು ಫೋಟಾನ್‌ಗಳಲ್ಲಿ ಗೆರೆ ಕಂಡೆ ಎನ್ನುವವರ ಮಾತನ್ನು ನಾನಂತೂ ಬೇಗ ನಂಬುವುದಿಲ್ಲ.

ಆಸ್ಟ್ರೋಸ್ಯಾಟ್‌ನ ದತ್ತಾಂಶ 2018ರಿಂದ ಎಲ್ಲರಿಗೂ ತೆರೆದಿದೆ. ಬೆಂಗಳೂರು ಬಳಿಯ ಬ್ಯಾಲಾಳುವಿನ ಇಸ್ರೋ ಕೇಂದ್ರದ ಜಾಲತಾಣದಲ್ಲಿ ಹೆಸರು ನೋಂದಾಯಿಸಿದರೆ, ಗಂಗಾವತಿಯ ಕಾಲೇಜು ಹುಡುಗಿಯೂ ಅದನ್ನು ಇಳಿಸಿಕೊಳ್ಳಬಹುದು.